ಹಾಸಿಗೆ ಎಣಿಸಿ ಗೊರಿಲ್ಲಾ ಲೆಕ್ಕ

ಗೊರಿಲ್ಲಾಗಳಿಗೆ ಒಂದು ಅಭ್ಯಾಸವಿದೆ. ಸಂಜೆಯಾದರೆ ಸುತ್ತಲಿನ ಗಿಡಗಂಟಿ ಬಗ್ಗಿಸಿ, ಸೊಪ್ಪು ಮುರಿದು ಹಾಸಿಗೆ ಮಾಡಿಕೊಳ್ಳುತ್ತವೆ. ಬೆಳಗ್ಗೆ ಎದ್ದು ಹೊರಡುವ ಮುಂಚೆ ಅದೇ ಹಾಸಿಗೆಯಲ್ಲಿ ಲದ್ದಿ ಹಾಕಿ ಹೋಗುತ್ತವೆ. ಇದೆಂಥ ಕೊಳಕು ಅನ್ನಿಸಬಹುದು. ಆದರೆ ಈ ಅಭ್ಯಾಸ ಇಲ್ಲದಿದ್ದರೆ ಉಗಾಂಡಾದ ಬ್ವಿಂಡಿ ಕಾಡಿನಲ್ಲಿ ಎಷ್ಟು ಗೊರಿಲ್ಲಾಗಳಿವೆ ಎಂದು ಹೇಳಲು ಪರದಾಡಬೇಕಿತ್ತು.

ಸದ್ಯಕ್ಕೆ ಎಲ್ಲರೂ ಹೇಳುವ ಲೆಕ್ಕ 459. ಬ್ವಿಂಡಿ ಮತ್ತು ಅದಕ್ಕೆ ಅಂಟಿಕೊಂಡೇ ಇರುವ ಕಾಂಗೋದ ಸರಾಂಬ್ವೆ ಕಾಡು ಸೇರಿಸಿ 2018ರಲ್ಲಿ ನಡೆದ ಗಣತಿಯ ಸಂಖ್ಯೆ ಅದು. 50 ಗುಂಪುಗಳು, ಜೊತೆಗೆ ಒಂಟಿಯಾಗಿ ತಿರುಗುವ 13 ಪ್ರಾಣಿಗಳು. 2006ರಲ್ಲಿ 302 ಇದ್ದವು, 2011ರಲ್ಲಿ 400 ಆದವು, 2018ರಲ್ಲಿ 459. ಸುದ್ದಿಯಲ್ಲಿ ಇಷ್ಟನ್ನು ಓದಿದರೆ ಸಾಕು, ಮನಸ್ಸಿಗೆ ಖುಷಿಯಾಗುತ್ತದೆ. ಖುಷಿಪಡಬೇಕಾದ್ದೇ. ಆದರೆ ಈ ಏರಿಕೆಯಲ್ಲಿ ಎಷ್ಟು ಪಾಲು ಹುಟ್ಟಿದ ಮರಿಗಳದ್ದು, ಎಷ್ಟು ಪಾಲು ಎಣಿಸುವವರು ಚುರುಕಾದದ್ದು? ಈ ಪ್ರಶ್ನೆ ಹಿಡಿದು ಹೊರಟರೆ ಕಾಡಿನ ಸ್ಥಿತಿಯೂ ತಾನಾಗಿ ಗೊತ್ತಾಗುತ್ತದೆ.

ಬ್ವಿಂಡಿ ಇರುವುದು ಉಗಾಂಡಾದ ನೈಋತ್ಯ ಮೂಲೆಯಲ್ಲಿ, ಕಾಂಗೋ ಗಡಿಗೆ ತಾಗಿಕೊಂಡು. ವಿಸ್ತೀರ್ಣ ಸುಮಾರು 321 ಚದರ ಕಿಲೋಮೀಟರ್. ಅಷ್ಟೇ. ನಮ್ಮ ನಾಗರಹೊಳೆಯ ಅರ್ಧದಷ್ಟೂ ಇಲ್ಲ. ಆದರೆ ನೆಲ ಸಮತಟ್ಟಲ್ಲ. ಸುಮಾರು 1,160 ಮೀಟರ್ ಎತ್ತರದಲ್ಲಿ ಶುರುವಾಗಿ 2,600 ಮೀಟರ್ ದಾಟುತ್ತದೆ. ಗುಡ್ಡ ಹತ್ತು, ಕಣಿವೆಗೆ ಇಳಿ, ಮತ್ತೆ ಹತ್ತು. ನೆಲದ ತುಂಬ ಬಳ್ಳಿ, ಜರಿಗಿಡ, ಮುಳ್ಳುಪೊದೆ. ಮಚ್ಚು ಹಿಡಿದು ದಾರಿ ಬಿಡಿಸಿಕೊಂಡೇ ಹೋಗಬೇಕು. ಇಂಗ್ಲಿಷರು ಇದಕ್ಕೆ ಇಟ್ಟ ಹೆಸರಿನ ಅರ್ಥವೇ 'ಒಳನುಗ್ಗಲಾಗದ ಕಾಡು'. ಮೊದಲು ಮೀಸಲು ಅರಣ್ಯವಾಗಿತ್ತು. 1991ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1994ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಲ್ಲಿರುವುದು ಪರ್ವತ ಗೊರಿಲ್ಲಾ. ಇದು ಯಾವ ಮೃಗಾಲಯದಲ್ಲೂ ಇಲ್ಲ. ಮೈಸೂರಿನ ಮೃಗಾಲಯದಲ್ಲಿ ನಮ್ಮಲ್ಲಿ ಅನೇಕರು ನೋಡಿರುವ ಪೋಲೋ, ಆಮೇಲೆ 2021ರಲ್ಲಿ ಜರ್ಮನಿಯಿಂದ ಬಂದ ಥಾಬೊ ಮತ್ತು ಡೆಂಬಾ, ಇವೆಲ್ಲ ತಗ್ಗುಕಾಡಿನ ಗೊರಿಲ್ಲಾಗಳು, ಬೇರೆ ಜಾತಿ. ಆ ಕಂದಕದ ಮುಂದೆ ನಿಂತರೆ "ಅಬ್ಬಾ, ಎಂಥ ದೊಡ್ಡ ಕೋತಿ!" ಅನ್ನುವ ಮಾತು ಕಿವಿಗೆ ಬೀಳದೇ ಇರುವುದಿಲ್ಲ. ತಪ್ಪು ಅವರದ್ದಲ್ಲ ಬಿಡಿ. ಕನ್ನಡದಲ್ಲಿ ಕೋತಿ, ಮಂಗ, ಮುಸುವ, ಸಿಂಗಳೀಕ, ಕಾಡುಪಾಪ ಅಂತ ಇಷ್ಟೊಂದು ಹೆಸರಿದ್ದರೂ ಬಾಲವಿಲ್ಲದ ಈ ದೊಡ್ಡ ಗುಂಪಿಗೆ ಬಾಯಿಗೆ ಬರುವ ಒಂದು ಹೆಸರಿಲ್ಲ. ಇರುವುದಾದರೂ ಹೇಗೆ? ಭಾರತದಲ್ಲಿ ಇರುವುದು ಈಶಾನ್ಯದ ಹೂಲಾಕ್ ಗಿಬ್ಬನ್ ಮಾತ್ರ, ಅದು ಸಣ್ಣ ವಾನರಗಳ ಸಾಲಿನದ್ದು. ದೊಡ್ಡ ವಾನರಗಳು ನಮ್ಮನ್ನು ಬಿಟ್ಟರೆ ಏಳೇ ಜಾತಿ: ಮೂರು ಒರಾಂಗುಟಾನ್, ಎರಡು ಗೊರಿಲ್ಲಾ, ಚಿಂಪಾಂಜಿ, ಬೊನೊಬೊ. ಬ್ವಿಂಡಿಯಲ್ಲಿ ಇವುಗಳಲ್ಲಿ ಎರಡು ಇವೆ, ಗೊರಿಲ್ಲಾ ಮತ್ತು ಚಿಂಪಾಂಜಿ. ಪರ್ವತ ಗೊರಿಲ್ಲಾವೂ ಚಿಂಪಾಂಜಿಯೂ ಒಟ್ಟಿಗೆ ಬಾಳುವ ಕಾಡು ಇದೊಂದೇ.

ಸರಿ, ಎಣಿಸುವುದು ಹೇಗೆ?

ಕೆಲವು ಗುಂಪುಗಳು ಮನುಷ್ಯರಿಗೆ ಹೊಂದಿಕೊಂಡಿವೆ. ಪ್ರವಾಸಿಗರು ನೋಡಲು ಹೋಗುವುದು ಇವನ್ನೇ. ಟ್ರ್ಯಾಕರ್‌ಗಳು ದಿನಾ ಬೆಳಗ್ಗೆ ಹೋಗುತ್ತಾರೆ. ಯಾವುದು ಗಂಡು, ಯಾವುದರ ಮರಿ ಯಾವುದು, ಎಲ್ಲಕ್ಕೂ ಹೆಸರಿದೆ. ಗೊರಿಲ್ಲಾದ ಮೂಗಿನ ಮೇಲಿನ ಸುಕ್ಕುಗಳು ಒಂದರಂತೆ ಇನ್ನೊಂದಕ್ಕಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಇವುಗಳ ಲೆಕ್ಕ ಸುಲಭ.

ಕಷ್ಟ ಇರುವುದು ಉಳಿದ ಗುಂಪುಗಳಲ್ಲಿ. ಮನುಷ್ಯರ ವಾಸನೆ ಬಂದರೆ ಸಾಕು, ಜಾಗ ಖಾಲಿ. ಎದುರಿಗೆ ಸಿಕ್ಕರೂ ಬೆಳ್ಳಿಬೆನ್ನಿನ ದೊಡ್ಡ ಗಂಡು ಒಮ್ಮೆ ಕೂಗಿ ನುಗ್ಗುತ್ತದೆ, ಅಷ್ಟರಲ್ಲಿ ಉಳಿದವು ಪೊದೆಯಲ್ಲಿ ಮಾಯ. ಹಾಗಾಗಿ ಗಣತಿಯವರು ಗೊರಿಲ್ಲಾವನ್ನು ನೋಡಲು ಹೋಗುವುದೇ ಇಲ್ಲ. ಅದು ಎದ್ದು ಹೋದ ಹಾಸಿಗೆಯನ್ನು ಹುಡುಕುತ್ತಾರೆ.

ತಂಡಗಳು ಕಾಡಿನ ಒಂದು ತುದಿಯಿಂದ ಹೊರಡುತ್ತವೆ. ನಡೆಯುವ ದಾರಿಗಳ ನಡುವೆ ಹೆಚ್ಚೆಂದರೆ ಆರೇಳು ನೂರು ಮೀಟರ್ ಅಂತರ. ಹೊಸ ಜಾಡು ಸಿಕ್ಕಿದರೆ, ಅಂದರೆ ಮುರಿದ ಕಾಂಡ, ಒತ್ತಿದ ಹುಲ್ಲು, ಅಗಿದು ಉಗಿದ ಸಿಪ್ಪೆ ಕಂಡರೆ, ಅದನ್ನೇ ಹಿಡಿದು ಹೋಗುತ್ತಾರೆ. ಕೊನೆಗೆ ಗುಂಪು ಮಲಗಿದ್ದ ಜಾಗ ಸಿಗುತ್ತದೆ. ಸುತ್ತ ಹುಡುಕಿ ಹಾಸಿಗೆಗಳನ್ನು ಎಣಿಸುತ್ತಾರೆ. ಒಂದು ರಾತ್ರಿಯ ಲೆಕ್ಕ ನಂಬುವ ಹಾಗಿಲ್ಲ. ಒಂದೆರಡು ಹಾಸಿಗೆ ಕಣ್ಣಿಗೆ ಬೀಳದೇ ಹೋಗಿರಬಹುದು. ಬ್ವಿಂಡಿಯ ಗೊರಿಲ್ಲಾಗಳು ಕೆಲವೊಮ್ಮೆ ಮರ ಹತ್ತಿಯೂ ಮಲಗುತ್ತವೆ. ಹಾಗಾಗಿ ಒಂದೇ ಗುಂಪಿನ ಮೂರು ರಾತ್ರಿಯ ಜಾಗಗಳನ್ನು ಹುಡುಕಿ ಹೋಲಿಸುವುದು ವಾಡಿಕೆ.

ಈಗ ಲದ್ದಿಯ ವಿಷಯ. ಗೊರಿಲ್ಲಾ ಲದ್ದಿ ನೋಡಲು ಕುದುರೆ ಲದ್ದಿಯ ಹಾಗೆಯೇ, ಉಂಡೆ ಉಂಡೆ. ಆ ಉಂಡೆಯ ಅಗಲ ಅಳೆಯುತ್ತಾರೆ. 7.2 ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ದು, ಹಾಸಿಗೆಯಲ್ಲಿ ಬೆಳ್ಳಿ ಕೂದಲೂ ಸಿಕ್ಕರೆ ಅದು ಬೆಳ್ಳಿಬೆನ್ನಿನ ಗಂಡು. 5.5ರಿಂದ 7.2ರ ನಡುವೆ ಇದ್ದರೆ ದೊಡ್ಡ ಹೆಣ್ಣು ಅಥವಾ ಇನ್ನೂ ಬೆನ್ನು ನರೆಯದ ಗಂಡು. ಅದಕ್ಕಿಂತ ಚಿಕ್ಕದಿದ್ದರೆ ಮರಿ. ಒಂದೇ ಹಾಸಿಗೆಯಲ್ಲಿ ಮಧ್ಯಮ ಗಾತ್ರದ ಲದ್ದಿ, ಪಕ್ಕದಲ್ಲಿ ಪುಟ್ಟ ಲದ್ದಿ ಇದ್ದರೆ ತಾಯಿ-ಮಗು ಒಟ್ಟಿಗೆ ಮಲಗಿದ್ದವು ಎಂದರ್ಥ. ಪ್ರಾಣಿಯ ಮುಖ ನೋಡದೆಯೇ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಹೇಳಿಬಿಡುತ್ತಾರೆ. ನನಗೆ ಇಡೀ ಗಣತಿಯಲ್ಲಿ ಜಾಸ್ತಿ ಇಷ್ಟವಾಗುವುದು ಇದೇ ಭಾಗ. ದೊಡ್ಡ ಯಂತ್ರವಿಲ್ಲ, ಉಪಗ್ರಹವಿಲ್ಲ. ಒಂದು ಅಳತೆಪಟ್ಟಿ, ನೆಲ ನೋಡಿ ನಡೆಯುವ ಕಣ್ಣು.

ಆದರೆ ಒಂದು ಸಮಸ್ಯೆ ಇತ್ತು, ಅದು 2006ರಲ್ಲಿ ಬಯಲಾಯಿತು. ಆ ವರ್ಷ ಹಾಸಿಗೆ ಎಣಿಸಿ ಬಂದ ಲೆಕ್ಕ 336. ಅದೇ ಹೊತ್ತಿಗೆ ಲದ್ದಿಯ ಮಾದರಿಗಳನ್ನೂ ತಂದಿದ್ದರು. ಲದ್ದಿ ಕರುಳಿನಿಂದ ಜಾರಿ ಬರುವಾಗ ಒಳಗೋಡೆಯ ಜೀವಕೋಶಗಳು ಅದರ ಮೈಗೆ ಅಂಟಿಕೊಳ್ಳುತ್ತವೆ. ಅದರಲ್ಲಿ ಆ ಪ್ರಾಣಿಯ ಡಿಎನ್‌ಎ ಇರುತ್ತದೆ. ಮಾದರಿಯನ್ನು ಒಂದು ದಿನ ಆಲ್ಕೋಹಾಲ್‌ನಲ್ಲಿ ನೆನೆಸಿ, ಆಮೇಲೆ ಸಿಲಿಕಾ ಮಣಿಗಳ ಮೇಲೆ ಒಣಗಿಸಿಟ್ಟರೆ ಕಾಡಿನ ತೇವದಲ್ಲೂ ಕೆಡುವುದಿಲ್ಲ. ಹೊಸ ಶೂ ಡಬ್ಬಿಯಲ್ಲಿ ಸಿಗುತ್ತದಲ್ವಾ ಪುಟ್ಟ ಪೊಟ್ಟಣ, ಅದೇ ಸಿಲಿಕಾ. ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಇವನ್ನು ಪರೀಕ್ಷಿಸಿದಾಗ ಸಿಕ್ಕ ಬೇರೆ ಬೇರೆ ಗೊರಿಲ್ಲಾಗಳ ಲೆಕ್ಕ 302. ಅಂದರೆ 34 ಗೊರಿಲ್ಲಾಗಳು ಇರಲೇ ಇಲ್ಲ!

ಏನಾಗಿತ್ತು ಅಂದರೆ, ಕೆಲವು ಗೊರಿಲ್ಲಾಗಳು ಒಂದೇ ರಾತ್ರಿ ಒಂದಕ್ಕಿಂತ ಜಾಸ್ತಿ ಹಾಸಿಗೆ ಮಾಡಿಕೊಂಡಿದ್ದವು. ಮೊದಲನೆಯದು ಸರಿಬರಲಿಲ್ಲವೋ, ಮಳೆ ಸೋರಿತೋ, ಪಕ್ಕದವರ ಕಾಟವೋ, ಎದ್ದು ಬೇರೆ ಕಡೆ ಹೋಗಿ ಮಲಗಿದ್ದವು. ಎಣಿಸಿದವರು ಎರಡು ಹಾಸಿಗೆಗೆ ಎರಡು ಗೊರಿಲ್ಲಾ ಬರೆದುಕೊಂಡಿದ್ದರು.

ಹಾಗಂತ ಡಿಎನ್‌ಎ ಬಂದ ಕೂಡಲೇ ಎಲ್ಲ ಸರಿಹೋಯಿತು ಅನ್ನಲಾಗದು. ಎರಡು ಸಲ ಎಣಿಸಿದ್ದನ್ನು ಅದು ಹಿಡಿಯಬಲ್ಲದು. ಆದರೆ ಹಾಸಿಗೆಯೇ ಕಣ್ಣಿಗೆ ಬೀಳದ ಗುಂಪು? ಅದರ ಲದ್ದಿ ಪ್ರಯೋಗಾಲಯಕ್ಕೆ ಹೋಗಿಯೇ ಇಲ್ಲವಲ್ಲ. 2011ರಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಇಡೀ ಕಾಡನ್ನು ಒಂದೇ ಸಲ ಅಲ್ಲ, ಕೆಲವು ತಿಂಗಳು ಬಿಟ್ಟು ಎರಡು ಸಲ ಜಾಲಾಡಿದರು. 2018ರಲ್ಲೂ ಹಾಗೆಯೇ. ಮೊದಲ ಸುತ್ತಿನಲ್ಲಿ ತಪ್ಪಿಸಿಕೊಂಡ ಗುಂಪುಗಳು ಎರಡನೆಯದರಲ್ಲಿ ಸಿಕ್ಕವು. ಮೊದಲಲ್ಲಿ ಸಿಕ್ಕ ಕೆಲವು ಎರಡನೆಯದರಲ್ಲಿ ಸಿಗಲಿಲ್ಲ.

ಎರಡು ಸುತ್ತು ಹೊಡೆಯುವುದರ ಲಾಭ ಬರೀ ಜಾಸ್ತಿ ಗುಂಪು ಸಿಗುವುದಲ್ಲ. ಅದರ ಹಿಂದೆ ಒಂದು ಹಳೆಯ ಲೆಕ್ಕದ ಉಪಾಯವಿದೆ. ಒಂದು ಚೀಲದಲ್ಲಿ ಅವರೆಕಾಳು ಇದೆ, ಎಷ್ಟಿದೆ ಗೊತ್ತಿಲ್ಲ ಅಂದುಕೊಳ್ಳಿ. ಎಲ್ಲ ಸುರಿದು ಎಣಿಸುವಂತಿಲ್ಲ. ಕೈ ಹಾಕಿ 50 ಕಾಳು ತೆಗೆದು, ಮಸಿ ಹಚ್ಚಿ ವಾಪಸು ಹಾಕಿ. ಚೆನ್ನಾಗಿ ಕಲಸಿ. ಮತ್ತೆ 50 ಕಾಳು ತೆಗೆಯಿರಿ. ಅದರಲ್ಲಿ 10ಕ್ಕೆ ಮಸಿ ಇದ್ದರೆ ಐದರಲ್ಲಿ ಒಂದು ಗುರುತಿನದ್ದು ಎಂದಾಯಿತು. ಅಂದರೆ ನೀವು ಮೊದಲು ತೆಗೆದ 50 ಕಾಳು ಚೀಲದ ಐದನೇ ಒಂದು ಭಾಗ. ಚೀಲದಲ್ಲಿ ಸುಮಾರು 250 ಕಾಳು ಇದೆ. ಒಳಗೆ ಇಣುಕದೆಯೇ ಲೆಕ್ಕ ಸಿಕ್ಕಿತು. ಗೊರಿಲ್ಲಾ ವಿಷಯದಲ್ಲಿ ಮಸಿಯ ಬದಲು ಡಿಎನ್‌ಎ.

ಕರ್ನಾಟಕದವರಿಗೆ ಇದು ಹೊಸದೇನಲ್ಲ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಹುಲಿಗಳ ಮೇಲೆ ಮಾಡಿ ತೋರಿಸಿದ್ದು ಇದನ್ನೇ. ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಬಿದ್ದ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿ, ಯಾವುದು ಎಷ್ಟು ಸಲ ಸಿಕ್ಕಿತು ಎನ್ನುವುದರಿಂದ ಒಟ್ಟು ಲೆಕ್ಕ ತೆಗೆದರು. ಅದಕ್ಕೂ ಮುಂಚೆ ಹೆಜ್ಜೆಗುರುತು ಎಣಿಸುತ್ತಿದ್ದರು, ಒಂದೇ ಹುಲಿ ಎರಡು ಕಡೆ ಎರಡಾಗುತ್ತಿತ್ತು. ನಾಗರಹೊಳೆಯ ಹೆಜ್ಜೆಗುರುತೂ ಬ್ವಿಂಡಿಯ ಹಾಸಿಗೆಯೂ ಮಾಡಿದ ಮೋಸ ಒಂದೇ.

ಈಗ ಮೊದಲ ಪ್ರಶ್ನೆಗೆ ಬರೋಣ. 302ರಿಂದ 400ಕ್ಕೆ ಅಂದರೆ ಐದು ವರ್ಷದಲ್ಲಿ ಶೇಕಡಾ 32ರಷ್ಟು ಏರಿಕೆ. ಹೆಣ್ಣು ಗೊರಿಲ್ಲಾ ಮರಿ ಹಾಕುವುದು ನಾಲ್ಕೈದು ವರ್ಷಕ್ಕೊಮ್ಮೆ. ಗರ್ಭ ಎಂಟೂವರೆ ತಿಂಗಳು, ಒಮ್ಮೆಗೆ ಸಾಮಾನ್ಯವಾಗಿ ಒಂದೇ ಮರಿ, ಹುಟ್ಟಿದ್ದೆಲ್ಲ ಬದುಕುವುದೂ ಇಲ್ಲ. ಇಷ್ಟು ನಿಧಾನಕ್ಕೆ ಸಂಸಾರ ಬೆಳೆಸುವ ಪ್ರಾಣಿ ಐದು ವರ್ಷದಲ್ಲಿ ಮೂರನೇ ಒಂದರಷ್ಟು ಜಾಸ್ತಿಯಾಗುವುದು ಕಷ್ಟ. ಆ ಏರಿಕೆಯಲ್ಲಿ ಒಳ್ಳೆಯ ಪಾಲು ಎರಡು ಸುತ್ತು ಹುಡುಕಿದ್ದರಿಂದ ಬಂದದ್ದು. ಮೊದಲೂ ಇದ್ದವು, ಸಿಕ್ಕಿರಲಿಲ್ಲ. 2011ರಿಂದ 2018ರವರೆಗಿನ ಏರಿಕೆ ಬೇರೆ. ವಿಧಾನ ಹೆಚ್ಚುಕಡಿಮೆ ಒಂದೇ, ಏರಿಕೆ ವರ್ಷಕ್ಕೆ ಶೇಕಡಾ 2ರಷ್ಟು. ಇದು ನಂಬುವಂಥದ್ದು. ನಿಧಾನ, ಆದರೆ ನಿಜವಾದ ಏರಿಕೆ.

ಇದೇ ಕಾಡಿನ ಚಿಂಪಾಂಜಿಗಳ ಕಡೆ ತಿರುಗಿದರೆ ಇಷ್ಟು ಧೈರ್ಯ ಬರುವುದಿಲ್ಲ. ಚಿಂಪಾಂಜಿಯೂ ದಿನಾ ಗೂಡು ಕಟ್ಟುತ್ತದೆ, ಆದರೆ ಮರದ ಮೇಲೆ. ಗುಂಪು ಗೊರಿಲ್ಲಾಗಳಂತೆ ಒಟ್ಟಿಗೆ ಇರುವುದಿಲ್ಲ. ಬೆಳಗ್ಗೆ ನಾಲ್ಕು ಜೊತೆಗಿದ್ದರೆ ಮಧ್ಯಾಹ್ನ ಎರಡು, ಸಂಜೆಗೆ ಇನ್ಯಾರೋ. ಹಾಗಾಗಿ ಬಹಳ ಕಡೆ ಮಾಡುವುದು ಹೀಗೆ: ಕಾಡಿನಲ್ಲಿ ನೇರ ಗೆರೆ ಹಿಡಿದು ನಡೆದು, ಹೊಸದು ಹಳೆಯದು ಅನ್ನದೆ ಕಂಡ ಗೂಡುಗಳನ್ನೆಲ್ಲ ಎಣಿಸುವುದು. ಆಮೇಲೆ ಗೂಡಿನ ಲೆಕ್ಕವನ್ನು ಪ್ರಾಣಿಯ ಲೆಕ್ಕವಾಗಿ ತಿರುಗಿಸಬೇಕು. ಎಡವುವುದು ಇಲ್ಲಿಯೇ. ಉಗಾಂಡಾದ್ದೇ ಬುಡೊಂಗೊ ಕಾಡಿನಲ್ಲಿ ನೋಡಿದ ಪ್ರಕಾರ ಗೂಡು ಕಟ್ಟುವ ವಯಸ್ಸಿನ ಚಿಂಪಾಂಜಿ ದಿನಕ್ಕೆ ಸರಾಸರಿ 1.09 ಗೂಡು ಕಟ್ಟುತ್ತದೆ. ಒಂದು ಗೂಡು ಉದುರಿ ಹೋಗಲು 90 ದಿನ ಬೇಕು ಎಂದಿಟ್ಟುಕೊಳ್ಳಿ. ಆಗ ಒಂದೇ ಚಿಂಪಾಂಜಿಯ ಹೆಸರಿನಲ್ಲಿ ಯಾವಾಗಲೂ 98 ಗೂಡು ಕಾಡಿನಲ್ಲಿ ನಿಂತಿರುತ್ತದೆ! ಈಗ ಮಳೆ ಜಾಸ್ತಿಯಾಗಿ ಗೂಡು 45 ದಿನಕ್ಕೇ ಕೊಳೆತು ಬಿದ್ದರೆ? ಅದೇ 98 ಗೂಡಿಗೆ ಎರಡು ಚಿಂಪಾಂಜಿ ಬೇಕು. ಗೂಡು ಎಷ್ಟು ದಿನ ಬಾಳುತ್ತದೆ ಎನ್ನುವುದು ಮರದ ಜಾತಿ, ಎತ್ತರ, ಮಳೆ ಎಲ್ಲದರ ಮೇಲೂ ನಿಂತಿದೆ. ಒಂದು ಕಾಡಿನ ಅಂಕಿ ತಂದು ಇನ್ನೊಂದು ಕಾಡಿಗೆ ಹಾಕಿದರೆ ಲೆಕ್ಕ ದುಪ್ಪಟ್ಟೂ ಆಗಬಹುದು, ಅರ್ಧವೂ ಆಗಬಹುದು.

ಪಕ್ಕದ ಕಾಂಗೋದಲ್ಲಿರುವ ಗ್ರಾವರ್ ಗೊರಿಲ್ಲಾ ಪರ್ವತ ಗೊರಿಲ್ಲಾದ ದಾಯಾದಿ. 2016ರಲ್ಲಿ ಅವು ಸುಮಾರು 3,800 ಮಾತ್ರ ಉಳಿದಿವೆ ಎಂಬ ಅಂದಾಜು ಬಂದಿತ್ತು. 2021ರಲ್ಲಿ ಅದು 6,800 ಆಯಿತು. ಐದು ವರ್ಷದಲ್ಲಿ ಮೂರು ಸಾವಿರ ಮರಿ ಹುಟ್ಟಿದ್ದಲ್ಲ. ಮೊದಲು ಸರಿಯಾಗಿ ಹೋಗಿ ನೋಡಲಾಗದ ಕಾಡುಗಳಿಗೆ ಆಮೇಲೆ ಹೋದರು, ಅಷ್ಟೇ. ಎರಡು ದಶಕದಲ್ಲಿ ಅವು ಭಾರೀ ಪ್ರಮಾಣದಲ್ಲಿ ಕಡಿಮೆಯಾಗಿವೆ ಎನ್ನುವ ಸಂಗತಿಯೇನೂ ಬದಲಾಗಲಿಲ್ಲ.

ಪರ್ವತ ಗೊರಿಲ್ಲಾಗಳ ಒಟ್ಟು ಲೆಕ್ಕ 1,063. ಬ್ವಿಂಡಿಯದ್ದು 459, ವಿರುಂಗ ಜ್ವಾಲಾಮುಖಿ ಬೆಟ್ಟಗಳದ್ದು 604. 2018ರ ನವೆಂಬರ್‌ನಲ್ಲಿ ಇವನ್ನು 'ತೀವ್ರ ಅಪಾಯ'ದ ಪಟ್ಟಿಯಿಂದ ಒಂದು ಮೆಟ್ಟಿಲು ಇಳಿಸಿ 'ಅಪಾಯ'ದ ಪಟ್ಟಿಗೆ ಹಾಕಿದರು. ಪರ್ವತ ಗೊರಿಲ್ಲಾ, ಗ್ರಾವರ್ ಎರಡೂ ಸೇರಿದ ಇಡೀ ಪೂರ್ವ ಗೊರಿಲ್ಲಾ ಜಾತಿ ಮಾತ್ರ ಮೇಲಿನ ಮೆಟ್ಟಿಲಲ್ಲೇ ಇದೆ. ಇನ್ನೊಂದು ವಿಷಯ. ಬ್ವಿಂಡಿಗೂ ವಿರುಂಗಕ್ಕೂ ನಡುವೆ ಇರುವುದು ಸುಮಾರು 25 ಕಿಲೋಮೀಟರ್. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆದರೆ ಮಧ್ಯೆ ಪೂರ್ತಿ ಹೊಲ, ಊರು. ಗೊರಿಲ್ಲಾ ದಾಟುವ ಹಾಗಿಲ್ಲ. ಹಾಗಾಗಿ 1,063 ಎನ್ನುವುದು ಒಂದು ಸಂಸಾರವಲ್ಲ, ಎರಡು ದ್ವೀಪಗಳ ಮೊತ್ತ.

ಮರಿಗಳು ಬದುಕುವುದನ್ನು ತಡೆಯುವುದು ಏನು? ಬ್ವಿಂಡಿಯಲ್ಲಿ ಗೊರಿಲ್ಲಾ ಮಾಂಸಕ್ಕಾಗಿ ಬೇಟೆಯಾಡುವವರು ಇಲ್ಲವೆನ್ನುವಷ್ಟು ಕಡಿಮೆ. ಡೈಕರ್ ಎಂಬ ಚಿಕ್ಕ ಜಿಂಕೆಯಂಥ ಪ್ರಾಣಿಗೆ, ಕಾಡುಹಂದಿಗೆ ಉರುಳು ಇಡುತ್ತಾರೆ. ಅದರಲ್ಲಿ ಗೊರಿಲ್ಲಾ ಮರಿಯ ಕೈ ಸಿಕ್ಕಿಕೊಳ್ಳುತ್ತದೆ. 2020ರ ಜೂನ್‌ನಲ್ಲಿ ಸತ್ತ ರಫಿಕಿ ಬ್ವಿಂಡಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಬೆಳ್ಳಿಬೆನ್ನಿನ ಯಜಮಾನ, ನ್ಕುರಿಂಗೊ ಗುಂಪಿನದ್ದು. ಕೊಂದವನು ತಾನು ಬಂದಿದ್ದು ಸಣ್ಣ ಪ್ರಾಣಿಗಳ ಬೇಟೆಗೆ, ಗೊರಿಲ್ಲಾ ಮೇಲೆ ಬಿದ್ದಾಗ ಈಟಿಯಿಂದ ತಿವಿದೆ ಎಂದ. 11 ವರ್ಷ ಜೈಲಾಯಿತು. ಕೊರೊನಾದಿಂದ ಪ್ರವಾಸಿಗರು ನಿಂತು, ಊರಿನವರ ಸಂಪಾದನೆ ನಿಂತಿದ್ದ ತಿಂಗಳುಗಳವು.

ಇನ್ನೊಂದು ಅಪಾಯ ನಮ್ಮ ಕೆಮ್ಮು, ನೆಗಡಿ, ಕಜ್ಜಿ. 1996ರಲ್ಲಿ ಬ್ವಿಂಡಿಯ ಒಂದು ಗುಂಪಿನ ಗೊರಿಲ್ಲಾಗಳ ಕೂದಲು ಉದುರಿ, ಚರ್ಮ ಹಕ್ಕಳೆಗಟ್ಟತೊಡಗಿತು. ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಜಿಕುಸೋಕಾ ಪರೀಕ್ಷಿಸಿದಾಗ ಗೊತ್ತಾಗಿದ್ದು ತುರಿಕಜ್ಜಿ. ಒಂದು ಮರಿ ಉಳಿಯಲಿಲ್ಲ. ಕಾಡಿನಂಚಿನ ಹೊಲಕ್ಕೆ ಬಾಳೆ ತಿನ್ನಲು ಬಂದಿದ್ದ ಗೊರಿಲ್ಲಾಗಳು ಬೆರ್ಚಪ್ಪನ ಮೇಲಿನ ಹಳೆ ಬಟ್ಟೆ ಮುಟ್ಟಿ ಅಂಟಿಸಿಕೊಂಡಿರಬೇಕು ಎಂದು ಅವರ ಅನುಮಾನ. ಸುತ್ತಲಿನ ಊರಿನವರಲ್ಲೂ ಕಜ್ಜಿ ಇತ್ತು. ಗೊರಿಲ್ಲಾಗೆ ಮದ್ದು ಕೊಟ್ಟರೆ ಸಾಲದು, ಊರಿನವರಿಗೂ ಕೊಡಬೇಕು ಎಂದು ಅವರಿಗೆ ಹೊಳೆದದ್ದು ಆಗ. 2003ರಲ್ಲಿ ಅವರು ಕಟ್ಟಿದ ಸಂಸ್ಥೆ ಊರಿನವರ ಆರೋಗ್ಯವನ್ನೂ ಗೊರಿಲ್ಲಾ ಆರೋಗ್ಯವನ್ನೂ ಜೊತೆಗೇ ನೋಡಿಕೊಳ್ಳುತ್ತದೆ. ಪ್ರವಾಸಿಗರು ಗೊರಿಲ್ಲಾದಿಂದ 7 ಮೀಟರ್ ದೂರ ನಿಲ್ಲಬೇಕೆಂದಿದ್ದದ್ದು ಕೊರೊನಾ ನಂತರ 10 ಮೀಟರ್ ಆಯಿತು, ಮಾಸ್ಕ್ ಕಡ್ಡಾಯವಾಯಿತು.

ಇಷ್ಟೆಲ್ಲ ಕಾವಲಿಗೆ ದುಡ್ಡು ಬರುವುದು ಆ ಪ್ರವಾಸಿಗರಿಂದಲೇ. ವಿದೇಶಿಯರಿಗೆ ಪರ್ಮಿಟ್ 800 ಡಾಲರ್, ನೋಡಲು ಸಿಗುವುದು ಒಂದು ಗಂಟೆ, ಒಂದು ಗುಂಪಿಗೆ ದಿನಕ್ಕೆ ಎಂಟೇ ಜನ. ಅದರಲ್ಲಿ ಒಂದು ಚೂರು ಸುತ್ತಲಿನ ಊರುಗಳಿಗೆ ಹೋಗುತ್ತದೆ. ಆದರೆ ಈ ಲೆಕ್ಕದ ಇನ್ನೊಂದು ಪುಟವನ್ನು ಜನ ಅಷ್ಟಾಗಿ ತಿರುವುವುದಿಲ್ಲ. 1991ರಲ್ಲಿ ಕಾಡು ರಾಷ್ಟ್ರೀಯ ಉದ್ಯಾನವಾದಾಗ ತಲೆಮಾರುಗಳಿಂದ ಅಲ್ಲೇ ಬದುಕಿದ್ದ ಬತ್ವಾ ಜನರನ್ನು ಹೊರಗೆ ಹಾಕಿದರು. ಜೇನು, ಬೇಟೆ, ಗೆಡ್ಡೆ ಗೊತ್ತಿದ್ದವರಿಗೆ ಭೂಮಿಯೂ ಸಿಗಲಿಲ್ಲ. ನಾಗರಹೊಳೆಯ ಹಾಡಿಗಳ ಕಥೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2021ರಲ್ಲಿ ಉಗಾಂಡಾದ ಸಾಂವಿಧಾನಿಕ ನ್ಯಾಯಾಲಯ ಅವರಿಗೆ ಅನ್ಯಾಯವಾಗಿದೆ, ಪರಿಹಾರ ಸಿಗಬೇಕು ಎಂದಿತು. ಅಷ್ಟು ಹೊತ್ತಿಗೆ ಮೂವತ್ತು ವರ್ಷ ಕಳೆದಿತ್ತು.

ಮುಂದಿನ ಗಣತಿಯಲ್ಲಿ ಸಂಖ್ಯೆ ಇನ್ನೂ ಏರಬಹುದು. ಆಗ ಜಾಗದ ಪ್ರಶ್ನೆ ಬರುತ್ತದೆ. ಬ್ವಿಂಡಿಯ ಅಂಚಿನಲ್ಲಿ ನಿಂತರೆ ಕಾಡು ಕತ್ತರಿಸಿಟ್ಟ ಹಾಗೆ ನಿಲ್ಲುತ್ತದೆ. ಒಂದು ಹೆಜ್ಜೆ ಹಿಂದೆ ಕಾಡು, ಒಂದು ಹೆಜ್ಜೆ ಮುಂದೆ ಆಲೂಗೆಡ್ಡೆ ಹೊಲ, ಬಾಳೆತೋಟ. ಗೊರಿಲ್ಲಾಕ್ಕೆ ಆ ಗೆರೆ ಕಾಣುವುದಿಲ್ಲ. ಬಾಳೆಗಿಡ ಸೀಳಿ ಒಳಗಿನ ದಿಂಡು ತಿನ್ನುವುದು ಅದಕ್ಕೆ ಬಲು ಇಷ್ಟ. ಊರಿನವರದ್ದೇ ಸ್ವಯಂಸೇವಕರ ತಂಡಗಳಿವೆ, ಗೊರಿಲ್ಲಾ ಹೊಲಕ್ಕೆ ಬಂದರೆ ಗದ್ದಲ ಮಾಡಿ, ಗಂಟೆ ಬಾರಿಸಿ ಮೆಲ್ಲಗೆ ಕಾಡಿಗೆ ಅಟ್ಟುತ್ತಾರೆ. ನ್ಕುರಿಂಗೊ ಕಡೆ ಕಾಡಿನಂಚಿನ ಒಂದು ಪಟ್ಟಿ ಜಮೀನನ್ನು ಊರಿನವರಿಂದ ಕೊಂಡು ಹಾಗೇ ಬಿಟ್ಟಿದ್ದಾರೆ, ಕೆಲವೆಡೆ ಟೀ ಗಿಡ ಹಾಕಿದ್ದಾರೆ. ಗೊರಿಲ್ಲಾ ಟೀ ಎಲೆ ತಿನ್ನುವುದಿಲ್ಲ.